ಕತ್ತಿ ಕಸಿದು ಕೊಟ್ಟ ಹಕ್ಕು

1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂದು ಕಂಪನಿ ಸರ್ಕಾರ ಹುಕುಂ ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯಾಡಿ ಬದುಕಿದವರಿಗೆ ಕತ್ತಿ ಬಂದೂಕು ಬಿಟ್ಟುಕೊಡುವುದೆಂದರೆ ಮಾನವನ್ನೇ ಬಿಟ್ಟುಕೊಟ್ಟಂತೆ. ದಂಡು ಬಂತು, ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ಕತೆಯನ್ನು ಲಾವಣಿಕಾರರು ಉಳಿಸಿಕೊಂಡರು.

ಮೂರೇ ವರ್ಷಕ್ಕೆ, 1860ರಲ್ಲಿ, ಅದೇ ಬ್ರಿಟಿಷರ ದಂಡ ಸಂಹಿತೆ ಬಂತು. ಅದರ 96ರಿಂದ 106ರವರೆಗಿನ ಕಲಮುಗಳು ಆತ್ಮರಕ್ಷಣೆಯನ್ನು ಹಕ್ಕೆಂದು ಬರೆದವು. ತನ್ನ ಮೈಯನ್ನಷ್ಟೇ ಅಲ್ಲ, ಪರರ ಮೈಯನ್ನೂ ಸೊತ್ತನ್ನೂ ಕಾಯಬಹುದು. ಪ್ರಾಣಕ್ಕೇ ಸಂಚಕಾರ ಬಂದರೆ ಕೊಂದರೂ ಅಪರಾಧವಲ್ಲ. ಇಲ್ಲಿನ ಜನ ಅನ್ಯಾಯವನ್ನು ಅತಿಯಾಗಿ ಸಹಿಸುತ್ತಾರೆ, ಅವರಲ್ಲಿ ಕೆಚ್ಚು ಹುಟ್ಟಿಸಬೇಕು ಎಂಬುದು 1837ರಲ್ಲೇ ಕರಡು ಸಿದ್ಧಪಡಿಸಿದ್ದ ಮೆಕಾಲೆಯ ಆಯೋಗದ ವಾದ. ಹಲಗಲಿಯವರು ಕೇಳಿದ್ದರೆ ನಗುತ್ತಿದ್ದರೋ ಏನೋ!

ಲಗಾಮು ಇದ್ದದ್ದು 99ನೇ ಕಲಮಿನಲ್ಲಿ. ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ಬೇಕಾದುದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಸದ್ಭಾವದಿಂದ ಕರ್ತವ್ಯ ಮಾಡುವ ಅಧಿಕಾರಿಯ ಎದುರು, ಪ್ರಾಣಭಯವೋ ತೀವ್ರ ಗಾಯದ ಭಯವೋ ಇಲ್ಲದಿದ್ದರೆ, ಹಕ್ಕು ನಡೆಯದು. ಎಂದರೆ, ಆಯುಧ ಕೇಳಲು ಬಂದವನನ್ನು ತಡೆಯಲು ಈ ಸಂಹಿತೆ ಹಲಗಲಿಗೆ ಆಗಲೂ ಒದಗುತ್ತಿರಲಿಲ್ಲ.

2013ರಲ್ಲಿ, ಕೊಲ್ಲುವ ಮಟ್ಟಿಗೂ ಎದುರಿಸಬಹುದಾದ ಸಂದರ್ಭಗಳ ಪಟ್ಟಿಗೆ ಆಸಿಡ್ ದಾಳಿ ಸೇರಿತು. 2024ರ ಜುಲೈ 1ರಿಂದ ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿವೆ. ಅಂಕಿ ಬದಲಾಗಿದೆ, ಲಗಾಮು ಹಾಗೇ ಇದೆ.