ಕಾಲೇಜಿನ ಮೇಡಂ ಕೊಚ್ಚಿಯ ಮೇಯರ್ ಆದದ್ದು

ಕೊಚ್ಚಿ ಅಂದ ಕೂಡಲೇ ನಿಮಗೆ ಬಂದರು, ವಲ್ಲಾರ್ಪಾಡಂ ದ್ವೀಪದ ಕಂಟೇನರ್ ಟರ್ಮಿನಲ್ ನೆನಪಾಗಬಹುದು. ಆದರೆ ಅಲ್ಲಿನ ಜನರ ದಿನನಿತ್ಯದ ಬದುಕು ನಿಂತಿರುವುದು ನೀರು, ಚರಂಡಿ, ಕಸದ ಮೇಲೆ. ಆ ಹೊಣೆ ಹೊರಲು ಒಮ್ಮೆ ಕಾಲೇಜಿನ ಮೇಡಂ ಒಬ್ಬರು ಮುಂದೆ ಬಂದರು.

ಪ್ರೊ. ಮರ್ಸಿ ವಿಲಿಯಮ್ಸ್ ಎರ್ನಾಕುಲಂನ ಸೇಂಟ್ ತೆರೇಸಾಸ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. 2005ರಲ್ಲಿ ಎಡರಂಗದಿಂದ ಕೌನ್ಸಿಲರ್ ಆಗಿ ಗೆದ್ದು, ಕೊಚ್ಚಿಯ ಮೊದಲ ಮಹಿಳಾ ಮೇಯರ್ ಆದರು. 2010ರವರೆಗೆ ಆಡಳಿತ ನಡೆಸಿದರು. ತಿರುವನಂತಪುರದಲ್ಲಿ ಅವರಿಗಿಂತ ಮೊದಲೇ ಪ್ರೊ. ಜೆ. ಚಂದ್ರಾ ಮೇಯರ್ ಆಗಿದ್ದರು.

ಇಂಥವರಿಗೆ ದಾರಿ ಮಾಡಿಕೊಟ್ಟದ್ದು ಕಾನೂನು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಮರುವರ್ಷವೇ ಕೇರಳ ತನ್ನ ಮುನಿಸಿಪಾಲಿಟಿ ಕಾಯ್ದೆ ತಂದಿತು.

ಹಾಗಂತ ಓದಿದವರು ಬಂದರೆ ಎಲ್ಲಾ ಸರಿಹೋಗುತ್ತದೆ ಅಂತಲ್ಲ, ನೋಡಿ. ಮರ್ಸಿಯವರ ಕಾಲದಲ್ಲೇ, 2008ರಲ್ಲಿ, ಬ್ರಹ್ಮಪುರಂನಲ್ಲಿ ಕಸ ಸಂಸ್ಕರಣಾ ಘಟಕ ಶುರುವಾಯಿತು. ನಂತರದ ಆಡಳಿತಗಳಲ್ಲೂ ಅಲ್ಲಿ ಕಸ ಗುಡ್ಡೆಯಾಗುತ್ತಲೇ ಹೋಯಿತು. 2023ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು, ಕೊಚ್ಚಿಯ ಜನ ದಿನಗಟ್ಟಲೆ ಹೊಗೆ ಕುಡಿದರು. 2014ರಲ್ಲಿ ತೀರಿಕೊಂಡ ಮರ್ಸಿಯವರು ಅದನ್ನು ನೋಡಲಿಲ್ಲ. ಮೇಯರ್ ಬದಲಾದರೂ ಕೌನ್ಸಿಲಿನ ತೀರ್ಮಾನ ಊರಿನಲ್ಲೇ ಉಳಿಯುತ್ತದೆ.

ನಮ್ಮ ಮೊಹಲ್ಲಾಗಳಲ್ಲೂ ಚರಂಡಿ ತುಂಬಿದಾಗ ಬೈಯುತ್ತೇವೆ. ವಾರ್ಡಿನ ಚುನಾವಣೆ ಅಂದರೆ ಮಾತ್ರ ಓದಿದವರು ದೂರ ಸರಿಯುತ್ತೇವೆ. ವಿದ್ಯಾರ್ಥಿಗಳೇ, ಅದರಲ್ಲೂ ಹೆಣ್ಣುಮಕ್ಕಳೇ, ಪರೀಕ್ಷೆಗೆ 74ನೇ ತಿದ್ದುಪಡಿ ಓದುತ್ತೀರಿ. ನಿಮ್ಮ ವಾರ್ಡಿನ ಸದಸ್ಯರು ಯಾರು, ಈ ವರ್ಷ ಅಲ್ಲಿಗೆ ಎಷ್ಟು ಹಣ ಬಂತು, ಅದನ್ನೂ ಕೇಳಿ ತಿಳಿದುಕೊಳ್ಳಿ. ಮುಂದೆ ಆ ಸ್ಥಾನಕ್ಕೆ ನೀವೇ ಯಾಕೆ ನಿಲ್ಲಬಾರದು?