ಪದದ ಹೈಫನ್, ವಾಕ್ಯದ ಹೈಫನ್: ಇಂಗ್ಲಿಷ್ ಸಮಾಸಗಳ ಬರವಣಿಗೆ ಕುರಿತು

ಇಂಗ್ಲಿಷಿನ ಸಮಾಸಗಳನ್ನು ಬಿಡಿಸಿ ಬರೆಯುವುದುಂಟು, ಕೂಡಿಸಿ ಬರೆಯುವುದುಂಟು, ನಡುವೆ ಹೈಫನ್ ಇಡುವುದೂ ಉಂಟು. ಇದಕ್ಕೆ ನಿಯಮವೇ ಇಲ್ಲವೆಂಬ ದೂರು ಹಳೆಯದು. ಒಂದೇ ಗೆರೆ ಎರಡು ಬೇರೆ ಕೆಲಸ ಮಾಡುತ್ತಿರುವುದೇ ಗೊಂದಲದ ಮೂಲವೆಂಬುದು ಪ್ರಸ್ತುತ ಲೇಖನದ ವಾದ.

ಮೊದಲನೆಯದು ಪದದ ಹೈಫನ್. ‘ಟುಡೇ’ ಎಂಬುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ‘ಟು-ಡೇ’ ಎಂದು ಅಚ್ಚು ಹಾಕುತ್ತಿದ್ದರು. 2007ರಲ್ಲಿ ಹೊರಬಂದ ‘ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ’ಯ ಆರನೆಯ ಆವೃತ್ತಿ ಸುಮಾರು 16,000 ಪದಗಳ ಹೈಫನ್ ಕಿತ್ತುಹಾಕಿತು. ಆಗ ‘ಬಂಬಲ್-ಬೀ’ ಬೆಸೆದುಕೊಂಡು ‘ಬಂಬಲ್‌ಬೀ’ ಆಯಿತು. ‘ಐಸ್-ಕ್ರೀಮ್’ ಬೇರ್ಪಟ್ಟು ‘ಐಸ್ ಕ್ರೀಮ್’ ಆಯಿತು. 2011ರಲ್ಲಿ ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ‘ಇ-ಮೇಲ್’ ಬಿಟ್ಟು ‘ಇಮೇಲ್’ ಒಪ್ಪಿತು. ಇಲ್ಲಿ ತರ್ಕ ಸಾಗದು. ರೂಢಿಯೇ ಪ್ರಮಾಣ, ನಿಘಂಟೇ ಸಾಕ್ಷಿ.

ಎರಡನೆಯದು ವಾಕ್ಯದ ಹೈಫನ್. ‘ಓಲ್ಡ್-ಫರ್ನಿಚರ್ ಡೀಲರ್’ ಎಂದರೆ ಹಳೆಯ ಪೀಠೋಪಕರಣ ಮಾರುವವನು. ಗೆರೆ ಅಳಿಸಿದರೆ ಮಾರುವವನಿಗೇ ಮುಪ್ಪು ಬಂದೀತು. ನಾಮಪದದ ಹಿಂದೆ ನಿಂತ ವಿಶೇಷಣಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದೆಂದು ಈ ಹೈಫನ್ ತೋರಿಸುತ್ತದೆ. ಆದ್ದರಿಂದಲೇ ‘ವೆಲ್-ನೋನ್ ರೈಟರ್’ ಎಂಬಲ್ಲಿ ಕಾಣುವ ಗೆರೆ ‘ದ ರೈಟರ್ ಈಸ್ ವೆಲ್ ನೋನ್’ ಎಂಬಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಹೈಲಿ ಪೇಯ್ಡ್ ಎಂಜಿನಿಯರ್’ ಎಂಬಲ್ಲಿಯೂ ಬೇಡ. ‘ಲಿ’ ಪ್ರತ್ಯಯವೇ ಅದು ಮುಂದಿನ ಪದದ ಸೊತ್ತೆಂದು ಸಾರುತ್ತದೆ.

ಕನ್ನಡದಲ್ಲಿ ಈ ಕೆಲಸವನ್ನು ಎಷ್ಟೋ ಕಡೆ ಸಂಧಿಯೇ ಮಾಡಿಮುಗಿಸುತ್ತದೆ. ‘ಹಳೆಯ ಕನ್ನಡ ಪುಸ್ತಕ’ ಎಂದಾಗ ಹಳತಾದದ್ದು ಭಾಷೆಯೋ ಪುಸ್ತಕವೋ ತಿಳಿಯದು. ‘ಹಳೆಗನ್ನಡ ಪುಸ್ತಕ’ ಎಂದೊಡನೆ ಸಂಶಯ ಹರಿಯಿತು: ಕಕಾರ ಗಕಾರವಾದದ್ದೇ ಪೂರ್ವೋತ್ತರಪದಗಳು ಕೂಡಿದ್ದಕ್ಕೆ ಗುರುತು. ಇಂಗ್ಲಿಷ್ ಮಾತಿನಲ್ಲಿ ಇಂಥ ಗುರುತನ್ನು ಬಹುಮಟ್ಟಿಗೆ ಸ್ವರಾಘಾತ ಕೊಡುತ್ತದೆ. ‘ಬ್ಲ್ಯಾಕ್‌ಬರ್ಡ್’ ಎಂಬ ಹಕ್ಕಿಯ ಹೆಸರಿನಲ್ಲಿ ಒತ್ತು ಮೊದಲ ಪದದ ಮೇಲೆ. ಬರಿಯ ಕಪ್ಪು ಹಕ್ಕಿಯಾದರೆ ಎರಡನೆಯದರ ಮೇಲೆ. ಬರವಣಿಗೆಯಲ್ಲಿ ಒತ್ತು ಕಾಣುವುದಿಲ್ಲ. ಆ ಕೊರತೆ ತುಂಬಲು ಬಂದದ್ದು ವಾಕ್ಯದ ಹೈಫನ್.

ಆದ್ದರಿಂದ ಕರಡು ತಿದ್ದುವವರು ಕೇಳಬೇಕಾದ ಪ್ರಶ್ನೆಗಳು ಎರಡು. ಪದ ಸ್ವತಂತ್ರವಾಗಿ ನಿಂತಿದ್ದರೆ, ನಿಘಂಟು ಏನೆನ್ನುತ್ತದೆ? ನಾಮಪದದ ಹಿಂದೆ ನಿಂತಿದ್ದರೆ, ಓದುಗ ತಪ್ಪು ಜೋಡಿ ಕಟ್ಟಿಯಾನೇ? ಎರಡರ ಉತ್ತರಗಳು ಒಂದಕ್ಕೊಂದು ಹೊಂದಲೇಬೇಕೆಂದಿಲ್ಲ. 2007ರಲ್ಲಿ ನಿಘಂಟು ಕಳಚಿದ ಗೆರೆ, ‘ಐಸ್-ಕ್ರೀಮ್ ವ್ಯಾನ್’ ಎಂದು ಬರೆಯುವ ಬ್ರಿಟಿಷ್ ಲೇಖಕನ ವಾಕ್ಯದಲ್ಲಿ ಇಂದಿಗೂ ಮರಳಿ ಬರುತ್ತದೆ.