ಹುಣಸಗಿ ಸೀಮೆಯ ಪುಸ್ತಕಗಳು: ಯಾರು ಓದಿದರು, ಯಾರು ಕೇಳಿದರು

1982ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಒಂದು ಪುಸ್ತಕ ಹೊರತಂದಿತು. ಅದರ ಹೆಸರಿನಲ್ಲೇ ನಮ್ಮ ಹುಣಸಗಿ ಇದೆ. ಬರೆದವರು ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ವರ್ಷಗಟ್ಟಲೆ ನಡೆದಾಡಿ, ಆದಿಮಾನವರ ಕಲ್ಲಿನ ಕೊಡಲಿಗಳು ಎಲ್ಲೆಲ್ಲಿ ಬಿದ್ದಿವೆ ಎಂದು ಗುರುತು ಹಾಕಿದವರು ಅವರು. ಮುಂದೆ ಇಸಾಂಪುರದಲ್ಲಿ ಅವರ ತಂಡ ಅಗೆತ ಮಾಡಿದಾಗ ಸಿಕ್ಕಿದ್ದು ಸುಣ್ಣದ ಕಲ್ಲು ಒಡೆದು ಆಯುಧ ಮಾಡುತ್ತಿದ್ದ ಜಾಗ. ಅರ್ಧಕ್ಕೇ ಬಿಟ್ಟ ಕೊಡಲಿಗಳೂ ಅಲ್ಲಿದ್ದವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲು ಪರೀಕ್ಷೆ ಮಾಡಿ ಆ ನೆಲೆಗೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ.

ಪುರಾತತ್ವ ಓದುವವರು ಯಾವ ದೇಶದಲ್ಲಿದ್ದರೂ ಹುಣಸಗಿಯ ಹೆಸರು ಕೇಳಿರುತ್ತಾರೆ. ಆದರೆ ಪುಸ್ತಕ ಇರುವುದು ಇಂಗ್ಲಿಷಿನಲ್ಲಿ. ಆ ಕಲ್ಲುಗಳ ಮೇಲೆ ದಿನಾ ಕುರಿ ಹೊಡೆದುಕೊಂಡು ಹೋಗುವವರಿಗೆ ಅದು ಅಚ್ಚಾದ ಸುದ್ದಿಯೇ ಮುಟ್ಟಲಿಲ್ಲ.

ನಮ್ಮ ಸೀಮೆಯ ಪುಸ್ತಕಗಳ ಕಥೆಯೇ ಹೀಗೆ. ಪುಸ್ತಕಗಳಿಗೆ ಇಲ್ಲಿ ಯಾವ ಕಾಲದಲ್ಲೂ ಬರ ಇರಲಿಲ್ಲ. ಅವು ಬೇರೆಯವರ ಕೈಯಲ್ಲಿದ್ದವು.

ಕೊಡೇಕಲ್ಲನ್ನೇ ನೋಡಿ. ಹದಿನಾರನೇ ಶತಮಾನದ ಕೊಡೇಕಲ್ ಬಸವಣ್ಣನ ಪರಂಪರೆ ದೊಡ್ಡ ಕಾಲಜ್ಞಾನ ಸಾಹಿತ್ಯವನ್ನೇ ಬಿಟ್ಟುಹೋಗಿದೆ. ಅದರಲ್ಲಿ ಒಂದಷ್ಟನ್ನು ಅಮರಗನ್ನಡ ಎಂಬ ಬೇರೆಯೇ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಮಾತು ಕನ್ನಡ, ಅಕ್ಷರ ಮಾತ್ರ ಗುಟ್ಟಿನದು. ಕನ್ನಡ ಶಾಲೆ ಕಲಿತವರು ಎದುರಿಗೆ ಇಟ್ಟುಕೊಂಡರೂ ಓದಲಾರರು. ಆದರೂ ಕೊಡೇಕಲ್ಲಿನ ಮಾತು ಹಳ್ಳಿಹಳ್ಳಿಗೂ ಗೊತ್ತು. ಮಳೆ ಬೆಳೆ ಕೆಟ್ಟ ವರ್ಷ ‘ಕಾಲಜ್ಞಾನದಾಗ ಹೇಳ್ಯಾರ’ ಎಂದು ಹಿರಿಯರು ಅನ್ನುವುದನ್ನು ನೀವೂ ಕೇಳಿರುತ್ತೀರಿ. ಲಿಪಿ ಗೊತ್ತಿದ್ದವರು ಓದಿ ಹೇಳಿದರು, ಗೊತ್ತಿಲ್ಲದವರು ಕೇಳಿ ನೆನಪಿಟ್ಟರು.

ಮುದನೂರಿನ ದೇವರ ದಾಸಿಮಯ್ಯನ ವಚನಗಳೂ, ತಿಂಥಣಿ ಮೌನೇಶ್ವರರ ವಚನಗಳೂ ಹೀಗೆಯೇ ಬಾಯಿಂದ ಬಾಯಿಗೆ ದಾಟಿದವು. ಭಜನೆ ಮೇಳದಲ್ಲಿ ಕೂತ ಹುಡುಗನಿಗೆ ಅಕ್ಷರ ಬರದಿದ್ದರೂ ಪದ ಬರುತ್ತಿತ್ತು.

ಇನ್ನು ಪುರಾಣ. ಶ್ರಾವಣ ಬಂತೆಂದರೆ ನಮ್ಮ ಕಡೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಕಲಬುರಗಿ ಶರಣಬಸವೇಶ್ವರರ ಪುರಾಣವೋ, ಭೀಮಕವಿ 1369ರಲ್ಲಿ ಬರೆದು ಮುಗಿಸಿದ ಬಸವಪುರಾಣವೋ, ಚಾಮರಸನ ಪ್ರಭುಲಿಂಗಲೀಲೆಯೋ. ಗವಾಯಿಗಳು ಹಾರ್ಮೋನಿಯಂ ಹಿಡಿದು ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ತಬಲಾ. ಪುರಾಣಿಕರು ಅರ್ಥ ಬಿಡಿಸುತ್ತಾರೆ, ನಡುವೆ ಊರಿನ ಯಾವುದೋ ಮಾತು ತೆಗೆದು ನಗಿಸುತ್ತಾರೆ. ಮುಂದೆ ಮಕ್ಕಳು, ಒಂದು ಕಡೆ ಹೆಣ್ಣುಮಕ್ಕಳು, ಕಟ್ಟೆಗೆ ಆನಿಕೊಂಡು ಮುದುಕರು. ತಿಂಗಳುಗಟ್ಟಲೆ ನಡೆದು ಕೊನೆಗೆ ಮಂಗಲ, ಪ್ರಸಾದ. ಒಂದೇ ಪುಸ್ತಕ, ಕೇಳುವವರು ಊರಿಗೆ ಊರೇ. ನಮ್ಮಲ್ಲಿ ಹಲವರು ಮೊದಲು ಕೇಳಿದ ಪುಸ್ತಕ ಇದೇ. ಶಾಲೆಯ ಪಠ್ಯ ಬಂದದ್ದು ಆಮೇಲೆ.

ಇದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಗುಡಿಯ ಪುರಾಣಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂಡಲಿಲ್ಲ. ಒಳಗೆ ಕೂತವರು ಯಾರು, ಹೊರಗೆ ನಿಂತು ಕೇಳಿದವರು ಯಾರು ಎಂದು ಊರಿನ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ. ಯಾವ ಪುಸ್ತಕ ಹಚ್ಚಬೇಕು ಎಂಬುದನ್ನೂ ನಾಲ್ಕು ಜನ ಗೌಡರು, ಸ್ವಾಮಿಗಳೇ ತೀರ್ಮಾನಿಸುತ್ತಿದ್ದರು.

ಅಚ್ಚಿನ ಪುಸ್ತಕದ ಕಾಲಕ್ಕೆ ಬರೋಣ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತೀರಿಕೊಂಡ ಮೇಲೆ ಸಂಸ್ಥಾನ ಇಂಗ್ಲಿಷರ ಕೈಗೆ ಹೋಯಿತು. 1860ರಲ್ಲಿ ಅವರು ಅದನ್ನು ನಿಜಾಮನಿಗೆ ಕೊಟ್ಟರು. ಆ ಒಂದು ಗೆರೆ ನಮ್ಮ ಓದಿನ ಹಣೆಬರಹವನ್ನೇ ಬದಲಿಸಿತು. ಪಕ್ಕದ ತಾಳಿಕೋಟಿ, ಮುದ್ದೇಬಿಹಾಳ ಮುಂಬಯಿ ಸರ್ಕಾರದ ವಿಜಾಪುರ ಜಿಲ್ಲೆಯಲ್ಲಿ ಉಳಿದವು, ಹುಣಸಗಿ ನಿಜಾಮನ ಕಡೆ ಬಿತ್ತು. ಹೆಣ್ಣು ಕೊಟ್ಟು ತಂದು ಮಾಡುವ ಊರುಗಳು, ಮಾತು ಒಂದೇ, ಸರ್ಕಾರ ಎರಡು.

ಗೆರೆಯ ಆ ಕಡೆ ಏನಾಯಿತು ನೋಡಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಗಳಗನಾಥರು ಕಾದಂಬರಿ ಬರೆದು, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ವಿಜಾಪುರದಲ್ಲಿ ಫ. ಗು. ಹಳಕಟ್ಟಿ ಮನೆಮನೆ ಅಲೆದು ವಚನದ ಹಸ್ತಪ್ರತಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು, 1925ರಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅದಕ್ಕಾಗಿ ಮನೆಯನ್ನೇ ಮಾರಿಕೊಂಡರು.

ಗೆರೆಯ ಈ ಕಡೆ ಆಡಳಿತದ ಭಾಷೆ ಫಾರ್ಸಿ ಹೋಗಿ ಉರ್ದು ಆಯಿತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದಾಗ ಅಲ್ಲಿನ ಪಾಠವೂ ಉರ್ದುವಿನಲ್ಲೇ. ಒಂದು ಲೆಕ್ಕಕ್ಕೆ ಅದು ದೊಡ್ಡ ಕೆಲಸ. ದೇಶದ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬಹುದು ಎಂದು ಅವರು ತೋರಿಸಿದರು. ಆದರೆ ಹುಣಸಗಿಯ ರೈತನ ಮಗನಿಗೆ ಅದು ಮನೆಮಾತಲ್ಲ. ಖಾಸಗಿಯಾಗಿ ಶಾಲೆ ತೆರೆಯಲಿಕ್ಕೂ, ಸಭೆ ಸೇರಿಸಲಿಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ಹೀಗಾಗಿ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಓದು ಅಂದರೆ ದಫ್ತರದ ಕಾಗದ. ಅದನ್ನು ಓದಿ ಹೇಳಲಿಕ್ಕೆ ಯಾರನ್ನಾದರೂ ಕೈಮುಗಿದು ಕೇಳಬೇಕು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದಾಗ ನಮ್ಮ ಕಡೆಯ ಮಕ್ಕಳ ಸ್ಥಿತಿ ಇದು.

ಆಗಲೂ ಪುಸ್ತಕವನ್ನು ಬಡವರ ಕೈಗೆ ತಂದುಕೊಟ್ಟ ಒಂದು ಜಾಗ ಇತ್ತು. ಅದು ಜಾತ್ರೆ.

ಜಾತ್ರೆಯ ಪುಸ್ತಕದ ಅಂಗಡಿಗೆ ಚರಿತ್ರೆಯಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿಯ ಸಾಲಿನಲ್ಲೇ ತಾಡಪತ್ರಿ ಹಾಸಿ ಪುಸ್ತಕ ಹರವಿಕೊಂಡು ಕೂತವರು. ಕೂಸಿಗೆ ಅಂಕಲಿಪಿ. ನಾಟಕ ಕಟ್ಟುವ ಹುಡುಗರಿಗೆ ಕಂಪನಿ ನಾಟಕದ ಪುಸ್ತಕ. ಅವ್ವಂದಿರಿಗೆ ಆರತಿ ಪದ, ಮದುವೆಯ ಹಾಡಿನ ಪುಸ್ತಕ. ಅದನ್ನು ಓದುವವಳು ಮಗಳು, ಹಾಡುವವಳು ತಾಯಿ. ಭಜನೆಯವರಿಗೆ ತತ್ವಪದ, ಅಜ್ಜನಿಗೆ ಪಂಚಾಂಗ, ಎಲ್ಲರಿಗೂ ತೆನಾಲಿ ರಾಮಕೃಷ್ಣನ ಕಥೆ. ಗದಗಿನ ಶಾಬಾದಿಮಠದಂಥ ಪ್ರಕಾಶಕರು ಇಂಥ ಪುಸ್ತಕ ಅಚ್ಚು ಹಾಕಿಯೇ ಉತ್ತರ ಕರ್ನಾಟಕದ ಮನೆಮನೆಗೆ ಹೊಕ್ಕರು. ಕಾಗದ ಒರಟು, ಕಾಗುಣಿತ ಅಲ್ಲಲ್ಲಿ ತಪ್ಪು, ಬೆಲೆ ಕಡಿಮೆ. ದೊಡ್ಡ ವಿಮರ್ಶಕರು ಇವನ್ನು ಸಾಹಿತ್ಯ ಅನ್ನಲಿಲ್ಲ. ಆದರೆ ಎಲ್ಲ ವಯಸ್ಸಿನವರನ್ನೂ ಲೆಕ್ಕಕ್ಕೆ ಹಿಡಿದು, ಆರಿಸಿಕೋ ಎಂದು ಅವರ ಮುಂದೆ ಪುಸ್ತಕ ಇಟ್ಟ ಮೊದಲಿಗರು ಈ ಅಂಗಡಿಯವರೇ. ಮುಟ್ಟಿ, ಹಾಳೆ ತಿರುವಿ ನೋಡಿದರೂ ಯಾರೂ ನಿನ್ನ ಜಾತಿ ಯಾವುದು ಅನ್ನುತ್ತಿರಲಿಲ್ಲ. ಕೊಳ್ಳದೆ ಎದ್ದರೆ ಬೈಯುತ್ತಿದ್ದರು, ಅದು ಬೇರೆ ಮಾತು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ಮರುವರ್ಷ ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿತು. ಎಂಟು ವರ್ಷಕ್ಕೆ ಕರ್ನಾಟಕ ಒಂದಾಯಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆ ಹೊತ್ತಿಗೆ ದೇಶದ ಗ್ರಂಥಾಲಯ ಶಾಸ್ತ್ರದ ದೊಡ್ಡ ಗುರು ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲೇ ಇದ್ದರು. ಓದುವ ಪ್ರತಿಯೊಬ್ಬರಿಗೂ ಅವರವರ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂದು 1931ರಷ್ಟು ಹಿಂದೆಯೇ ಬರೆದವರು ಅವರು. ಜಾತ್ರೆಯ ಅಂಗಡಿಯವನು ಇದನ್ನು ಓದದೆಯೇ ಪಾಲಿಸುತ್ತಿದ್ದ. ಸರ್ಕಾರಕ್ಕೆ ಅದು ಕಷ್ಟವಾಯಿತು.

ಏಕೆಂದರೆ ಪುಸ್ತಕ ಆರಿಸುವ ಕೆಲಸ ಬೆಂಗಳೂರಿಗೆ ಹೋಯಿತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಬಹುಕಾಲ ಒಂದು ಪುಸ್ತಕಕ್ಕೆ ಸಾಮಾನ್ಯವಾಗಿ 300 ಪ್ರತಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಐದು ಸಾವಿರಕ್ಕೂ ಹೆಚ್ಚು. ಒಳ್ಳೆಯ ಪುಸ್ತಕ ಹುಣಸಗಿ ಸೀಮೆಯ ಹಳ್ಳಿಗೆ ಮುಟ್ಟುವ ಅವಕಾಶ ಎಷ್ಟೆಂದು ನೀವೇ ಲೆಕ್ಕ ಹಾಕಿ.

2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. 2020ರ ಮಕ್ಕಳ ದಿನಾಚರಣೆಗೆ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಮಕ್ಕಳ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಬದಲಾವಣೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಬೇಕು, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಅವೇ ಆಧಾರ.

ಆದರೆ ಇನ್ನುಳಿದವರು? 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಶೇ. 41.38. ಅಂದರೆ ಆ ಎಣಿಕೆಯ ಹೊತ್ತಿಗೆ ನೂರರಲ್ಲಿ ಐವತ್ತೆಂಟು ಹೆಣ್ಣುಮಕ್ಕಳಿಗೆ ಗ್ರಂಥಾಲಯದ ಕಪಾಟು ಬರೀ ಕಪಾಟು. ಅವರ ಪುಸ್ತಕ ಇರುವುದು ಕಿವಿಯಲ್ಲಿ. ಪುರಾಣ ಹಚ್ಚಿ ತಿಂಗಳುಗಟ್ಟಲೆ ಕೇಳುವ ಊರಿನಲ್ಲಿ ಒಂದು ಕಾದಂಬರಿಯನ್ನು ಹಚ್ಚಿ ಕೇಳಿಸುವುದು ಹೊಸ ವಿದ್ಯೆ ಏನಲ್ಲ. ವಾರಕ್ಕೊಂದು ಸಂಜೆ, ಎಂಟನೇ ಕ್ಲಾಸಿನ ಹುಡುಗಿ ಓದುವುದು, ಅವಳ ಆಯಿ, ಅವ್ವ, ಓಣಿಯ ಹೆಂಗಸರು ಕೇಳುವುದು. ಈ ಸಲ ಯಾವ ಪುಸ್ತಕ ಎಂದು ತೀರ್ಮಾನಿಸುವವರು ಕೇಳುವವರೇ ಆಗಿರಬೇಕು, ಗೌಡರೂ ಅಲ್ಲ, ಬೆಂಗಳೂರೂ ಅಲ್ಲ.

ಇಸಾಂಪುರದ ಕಲ್ಲುಕೊಡಲಿಯ ಕಥೆ, ಚಿತ್ರ ಹಾಕಿ, ದಪ್ಪ ಅಕ್ಷರದಲ್ಲಿ, ಮೂವತ್ತು ಪುಟದ ಕನ್ನಡ ಪುಸ್ತಕವಾಗಿ ತಾಲ್ಲೂಕಿನ ಪ್ರತಿ ಅರಿವು ಕೇಂದ್ರದಲ್ಲೂ ಇರಬೇಕು. ಜೊತೆಗೆ ರಾಜನಕೋಳೂರಿನ ಕಲ್ಮನೆಗಳದ್ದೂ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಅವುಗಳ ಬಗ್ಗೆ 1850ರ ದಶಕದಲ್ಲೇ ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದಾನೆ.

ದುಡ್ಡೆಲ್ಲಿದೆ ಎಂದು ಯಾರಾದರೂ ಕೇಳಿದರೆ ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಎಂದು ಒಂದು ಕಲಂ ಇರುತ್ತದೆ. ತೆರಿಗೆ ನೂರು ರೂಪಾಯಿ ಆದರೆ ಅದರ ಮೇಲೆ ಆರು ರೂಪಾಯಿ. ಓದಲು ಬರುವವರೂ ಬಾರದವರೂ ಅದನ್ನು ಕಟ್ಟುತ್ತಲೇ ಬಂದಿದ್ದಾರೆ. ಮುಂದಿನ ಗ್ರಾಮಸಭೆಗೆ ಆ ರಸೀದಿ ಜೇಬಿನಲ್ಲಿಟ್ಟುಕೊಂಡು ಹೋಗಿ.